ಲಿಂಬೆಗಿಡದ ಹುಳ

ಇದನ್ನು ಬರೆಯಲು ಕುಳಿತಾಗಲೆಲ್ಲ ಬೇರೇನಾದರೂ ಕೆಲಸ ನೆನಪಾಗುತ್ತಿತ್ತು. ಈಗ ಅಂಥ ಕೆಲಸಗಳೂ ಉಳಿದಿಲ್ಲ.

ಐವತ್ತರ ದಶಕದ ಕೊನೆ. ನಾನು ಪೇಟೆಯ ಶಾಲೆಯಲ್ಲಿ ಮೂರನೇ ಕ್ಲಾಸು. ಚಿಟ್ಟೆ ಹೇಗಾಗುತ್ತದೆಂದು ಕಣ್ಣಾರೆ ನೋಡೋಣ, ಯಾರಾದರೂ ಹುಳ ತನ್ನಿ ಎಂದರು ಟೀಚರ್. ತಂದವಳು ಹೊಳೆಯಾಚೆಯ ಮೀನುಗಾರರ ಊರು ಬೆಂಗ್ರೆಯ ಹುಡುಗಿ. ಮನೆಯ ಉಪ್ಪಿನಕಾಯಿ ಭರಣಿಯಲ್ಲಿ ಲಿಂಬೆಯ ಗೆಲ್ಲು, ಅದರ ಮೇಲೊಂದು ಹಸಿರು ಹುಳ. ಭರಣಿಯನ್ನು ಮಡಿಲಲ್ಲಿಟ್ಟುಕೊಂಡೇ ದೋಣಿ ದಾಟಿ ಬಂದಿದ್ದಳು. ದಿನಾ ಹೊಸ ಎಲೆ ತರುತ್ತಿದ್ದವಳೂ ಅವಳೇ. ಅವಳ ತಾಯಿ ಮೀನು ಮಾರುತ್ತಿದ್ದರು. ಶುಕ್ರವಾರ ನಾವು ಕ್ರೈಸ್ತರು ಮಾಂಸ ಬಿಟ್ಟು ಮೀನು ತಿನ್ನುತ್ತಿದ್ದುದರಿಂದ ಅಂದು ಫಳ್ನೀರಿನ ನಮ್ಮ ಮನೆಗೂ ಬರುತ್ತಿದ್ದರು.

ನನ್ನ ಬೆಂಚು ಭರಣಿಯ ಪಕ್ಕದಲ್ಲಿತ್ತು. ಕಡ್ಡಿಯಿಂದ ಚುಚ್ಚಿದರೆ ಹುಳದ ತಲೆಯ ಹಿಂದಿನಿಂದ ಎರಡು ಕೆಂಪು ಕೊಂಬು ಏಳುತ್ತಿದ್ದವು. ಜೊತೆಗೆ ಕೊಳೆತ ಅನಾನಸಿನಂಥ ನಾತ. ನಾನು ದಿನಾ ಚುಚ್ಚುತ್ತಿದ್ದೆ.

ಒಂದು ದಿನ ಟೀಚರ್ ಮೂಗು ಮುಚ್ಚಿಕೊಂಡು, "ಎಂತ ನಾತ ಇದು?" ಎಂದರು.

"ಬೆಂಗ್ರೆಯವಳದ್ದು ಟೀಚರ್. ಮೀನಿಂದು," ಎಂದೆ.

ಹುಡುಗಿ ಎದ್ದು ನಿಂತಳು. "ಮೀನಿಂದಲ್ಲ ಟೀಚರ್. ಮೀನಿನ ವಾಸನೆ ನನಗೆ ಗೊತ್ತುಂಟು."

ಕ್ಲಾಸೆಲ್ಲ ನಕ್ಕಿತು. ಟೀಚರ್ ಬೈಯಲಿಲ್ಲ. ಜಗಲಿಯಲ್ಲಿ ಗಾಳಿ ಚೆನ್ನಾಗಿದೆ, ಅಲ್ಲಿ ಕುಳಿತುಕೋ ಎಂದರು. ಮರುದಿನವೇ ಹುಳ ಕೋಶವಾಯಿತು, ನಾತ ನಿಂತಿತು. ಅವಳು ಹೊರಗೆ ಹೋದದ್ದರಿಂದ ನಿಂತಿತೆಂದು ಎಲ್ಲರಿಗೂ ಖಾತ್ರಿಯಾಯಿತು. ಆ ಶುಕ್ರವಾರ ಅವಳ ತಾಯಿ ಬಂಗುಡೆ ತಂದರು. ಸಾರು ಚೆನ್ನಾಗಿತ್ತು.

ಶನಿವಾರ ಕುಮ್ಸಾರಕ್ಕೆ, ಅಂದರೆ ಪಾದ್ರಿಗಳಲ್ಲಿ ಪಾಪ ಹೇಳಿಕೊಳ್ಳಲು, ಹೋದೆ. ಹುಳಕ್ಕೆ ಚುಚ್ಚಿದ್ದನ್ನು ಹೇಳಿದೆ. ಹುಡುಗಿಯ ವಿಷಯವೂ ಅದರಲ್ಲೇ ಬಂತೆಂದುಕೊಂಡೆ. ಪ್ರಾಣಿಗಳ ಮೇಲೆ ದಯೆ ಇರಲಿ ಎಂದು ಪಾದ್ರಿಗಳು ಒಂದು ಪ್ರಾರ್ಥನೆ ವಿಧಿಸಿದರು. ಪ್ರಾರ್ಥಿಸಿದೆ, ಹಗುರವಾಯಿತು. ಹಾಗೆ ಹಗುರವಾಗಿಯೇ ಬಹಳ ವರ್ಷ ಬದುಕಿದೆ.

ಚಿಟ್ಟೆ ಹೊರಬಂದ ಬೆಳಿಗ್ಗೆ ನಾವೆಲ್ಲ ಭರಣಿಯನ್ನು ಮುತ್ತಿದೆವು. ಅವಳು ಜಗಲಿಯಿಂದ ಕಿಟಕಿಯ ಸರಳು ಹಿಡಿದು ತುದಿಗಾಲಲ್ಲಿ ನಿಂತಳು. ನಮ್ಮ ತಲೆಗಳಲ್ಲದೆ ಬೇರೇನೂ ಕಂಡಿರಲಾರದು. ರೆಕ್ಕೆ ಒಣಗಿದ ಮೇಲೆ ಚಿಟ್ಟೆ ಆಚೆ ಬದಿಯ ಬಾಗಿಲಿನಿಂದ ಹಾರಿ ಹೋಯಿತು. ಟೀಚರ್ ಚಪ್ಪಾಳೆ ತಟ್ಟಿಸಿದರು. ಖಾಲಿ ಭರಣಿಯನ್ನು ಕಿಟಕಿಯ ಮೂಲಕ ಅವಳಿಗೆ ಕೊಡುವ ಕೆಲಸ ನನಗೆ ಬಂತು. ಅವಳು ಅದನ್ನು ಮೂಸಿ ನೋಡಿ, ನನ್ನ ಮುಖ ನೋಡಿದಳು. ಆಮೇಲೆ ತೊಳೆಯಲು ಹೋದಳು.

ಪಾದ್ರಿಗಳಲ್ಲಿ, ದೇವರಲ್ಲಿ, ಹುಳದಲ್ಲಿ ಕೂಡ ಕ್ಷಮೆ ಕೇಳಿದ್ದೇನೆ. ಕೇಳದೆ ಉಳಿದದ್ದು ಒಬ್ಬಳಲ್ಲಿ: ಭರಣಿ ತಂದ ಆ ಬೆಂಗ್ರೆಯ ಹುಡುಗಿಯಲ್ಲಿ.