ಕಾರಿನ ಕೀ ಗೆದ್ದ ಬಗೆ

ಲೈಸೆನ್ಸ್ ಬಂದು ವರ್ಷವಾದರೂ ನಮ್ಮ ಯಜಮಾನರು ನನ್ನ ಕೈಗೆ ಕಾರಿನ ಕೀ ಕೊಟ್ಟಿರಲಿಲ್ಲ, ಗೆಳೆಯರೇ. ಇವತ್ತು ಬೆಳಿಗ್ಗೆ ಮಗಳು ಟೀವಿಯಲ್ಲಿ ಕಾರ್ ರೇಸಿನ ಗೇಮ್ ಹಾಕಿದಾಗ ಅವರೇ ಪಂಥ ಕಟ್ಟಿದರು: "ಇದ್ರಲ್ಲಿ ನನ್ನ ಸೋಲ್ಸು, ಜಾವಗಲ್ ಗೃಹಪ್ರವೇಶಕ್ಕೆ ನೀನೇ ಓಡಿಸ್ಕೊಂಡು ನಡಿ."

ಆ ಆಟದಲ್ಲಿ ಬೇರೆ ಕಾರುಗಳನ್ನು ಗುದ್ದಿ ಕೆಡವಿದಷ್ಟೂ ಅಂಕ ಹೆಚ್ಚು. ಅವರು ಅಲ್ಲಿಯೂ ಎಡಬದಿ ಬಿಡದೆ, ತಿರುವು ಬಂದಾಗಲೆಲ್ಲ ಹಾರ್ನ್ ಬಟನ್ ಹುಡುಕುತ್ತಾ ಹೋದರು. ನಾನು ಕಂಬ, ಅಂಗಡಿ, ಲಾರಿ ಯಾವುದನ್ನೂ ಬಿಡಲಿಲ್ಲ. ಕೊನೆಗೆ ಅವರ ಕಾರನ್ನೂ ಸೇತುವೆಯಿಂದ ಕೆಳಕ್ಕೆ ತಳ್ಳಿ ಗೆದ್ದೆ. ಬೇಸರವಾದಾಗ ಕವಿತೆ ಓದುವವಳು ನಾನು, ಆದರೆ ಯಾವ ಕವಿತೆ ಓದಿದಾಗಲೂ ಮನಸ್ಸು ಅಷ್ಟು ಹಗುರವಾಗಿರಲಿಲ್ಲ.

"ಇದನ್ನ ನೋಡಿದ್ಮೇಲೆ ಯಾರಾದ್ರೂ ಕೀ ಕೊಡ್ತಾರೇನೇ?" ಎಂದರು.

ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದರು. "ಕೊಡೋ. ಅವಳ ಎದುರಿಗೆ ಬರೋದಕ್ಕಿಂತ ಪಕ್ಕ ಕೂರೋದೇ ವಾಸಿ."

ಕೀ ಸಿಕ್ಕಿತು. ಅರಸೀಕೆರೆ ದಾಟಿದ ಮೇಲೂ ನಾನು ಮೂರನೇ ಗೇರ್ ಬಿಟ್ಟು ಮೇಲೆ ಹೋಗಲಿಲ್ಲ. ಯಜಮಾನರು ಹಿಂದಿನ ಸೀಟಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದರು. ಪಕ್ಕ ಕೂತಿದ್ದ ಅತ್ತೆ ಮಾತ್ರ ಗಡಿಯಾರ ನೋಡಿ ಮೆಲ್ಲಗೆ ಹೇಳಿದರು: "ಟೀವೀಲಿ ಓಡಿಸ್ದಂಗೆ ಓಡ್ಸೇ ತಾಯಿ, ಮೊದಲನೇ ಪಂಕ್ತಿ ಎದ್ದೋಗುತ್ತೆ."

ನಾವು ಎರಡನೇ ಪಂಕ್ತಿಯಲ್ಲೇ ಕೂತೆವು. ಹೋಳಿಗೆ ಮುಗಿದಿತ್ತು. ಕೀ ಮಾತ್ರ ಇನ್ನೂ ನನ್ನ ಪರ್ಸಿನಲ್ಲೇ ಇದೆ.