ಸಮುದ್ರಕ್ಕೆ ಐದು ನಿಮಿಷದ ದಾರಿ

ನಿವೃತ್ತಿಯಾದ ಮರುವಾರವೇ ಅಕ್ಕ ಠಾಣೆಯ ನೌಪಾಡಾದ ನಮ್ಮ ಹೋಟೆಲಿಗೆ ಬಂದರು. ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಮೂಲೆಯ ಮೇಜಿಗೆ ಕೂತು, ಕಾಫಿ ಬರುವ ಮೊದಲೇ ತಮ್ಮ ಶರತ್ತು ಹೇಳಿಬಿಟ್ಟರು.

"ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ. ಆದ್ರೆ ಅಲ್ಲಿ ರೂಮಲ್ಲಿ ಚೀಲ ಇಟ್ಟ ಮೇಲೆ ನಾನು ಯಾವ ಗಾಡಿಯನ್ನೂ ಹತ್ತುದಿಲ್ಲ. ಸಮುದ್ರಕ್ಕೆ ನಡ್ಕೊಂಡೇ ಹೋಗ್ಬೇಕು, ತಿಂಡಿಗೂ ನಡ್ಕೊಂಡೇ ಹೋಗ್ಬೇಕು."

ಅಕ್ಕ ಎಂದರೆ ನನ್ನ ಗಂಡನ ಅಕ್ಕ. ನಾನೂ ಅಕ್ಕ ಎಂದೇ ಕರೆಯುತ್ತೇನೆ. ಮದುವೆಯಾದವರಲ್ಲ, ಡೊಂಬಿವಲಿಯಲ್ಲಿ ಒಬ್ಬರೇ ಇರುತ್ತಾರೆ. ಅಲ್ಲಿಂದ ಮುಂಬೈಯ ಆಫೀಸಿಗೆ ಮೂವತ್ತು ವರ್ಷ ಲೋಕಲ್‌ನಲ್ಲಿ ಹೋಗಿ ಬಂದವರು, ಹೆಚ್ಚಾಗಿ ನಿಂತುಕೊಂಡೇ. ಮಂಡಿಗಳು ಅಲ್ಲೇ ಸವೆದವು ಎನ್ನುತ್ತಾರೆ. ಹಾಗಾಗಿ ಆ ಶರತ್ತಿಗೆ ನಾನು ಏನೂ ಹೇಳುವಂತಿರಲಿಲ್ಲ. ದ್ವೀಪವೇ ಆಗಬೇಕು ಎನ್ನುವುದು ನನ್ನ ಶರತ್ತು. ಗೋವಾಕ್ಕೆ ಹೋಗಿದ್ದ ವರ್ಷ, ಹೋಟೆಲಿನ ಗ್ರೈಂಡರ್ ಕೆಟ್ಟಿತು ಎಂದು ಫೋನ್ ಬಂದದ್ದೇ ತಡ, ಇವರು, ಅಂದರೆ ನನ್ನ ಗಂಡ, ಮರುದಿನದ ರೈಲಿಗೆ ವಾಪಸು ಓಡಿದ್ದರು. ಈ ಸಲ ನಡುವೆ ಸಮುದ್ರವೇ ಇರಲಿ ಎಂದು ಅಂಡಮಾನ್ ಎಂದೆ. ಇವರು ನಗುತ್ತಾ ಒಪ್ಪಿದರು. ಲಾಡ್ಜ್ ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಮಹಾಪೆಯ ನನ್ನ ಆಫೀಸಿನಲ್ಲಿ ಊಟದ ಹೊತ್ತಿಗೆ ಮೊಬೈಲ್ ಹಿಡಿದು ಕೂರುವುದು ಅಂದಿನಿಂದ ಶುರುವಾಯಿತು. ಎಲ್ಲ ಲಾಡ್ಜಿನವರೂ ಒಂದೇ ಮಾತು ಬರೆದಿದ್ದರು: ಸಮುದ್ರಕ್ಕೆ ಐದೇ ನಿಮಿಷ. ಮೊದಲ ವಾರ ನಾನದನ್ನು ನಂಬಿದೆ. ಅಲ್ಲಿನ ಒಂದು ದೊಡ್ಡ ದ್ವೀಪದಲ್ಲಿ, ನಮ್ಮ ಕೈಗೆಟುಕುವ ದರದ್ದೊಂದು ಸಿಕ್ಕಿತು. ಹಸಿರು ಬಾಗಿಲು, ಅಂಗಳದಲ್ಲಿ ತೆಂಗಿನ ಮರ. ಇನ್ನೇನು ಬುಕ್ ಮಾಡಬೇಕು ಎನ್ನುವಾಗ ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಇಲ್ಲೇ ಹುಟ್ಟಿ ಬೆಳೆದವಳು; ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ.

"ಮಮ್ಮಿ, ಯೇ ಗಾಡಿ ಕಾ ಟೈಮ್ ಹೈ," ಎಂದಳು.

ನಿಜ. ಮ್ಯಾಪಿನಲ್ಲಿ ನಿಮಿಷದ ಪಕ್ಕ ಒಂದು ಪುಟ್ಟ ಕಾರಿನ ಚಿತ್ರವಿತ್ತು. ನಡೆಯುವ ಮನುಷ್ಯನ ಚಿತ್ರ ಒತ್ತಿದೆ. ಐದು ನಿಮಿಷ ಐವತ್ತಾಯಿತು.

ಮತ್ತೊಂದು ಸಿಕ್ಕಿತು, ಸಮುದ್ರದ ಪಕ್ಕದಲ್ಲೇ. ಆದರೆ ಆ ಸಮುದ್ರದಲ್ಲಿ ಬರೀ ಮ್ಯಾಂಗ್ರೋವ್ ಮರಗಳು, ಇಳಿಯಲು ಜಾಗವಿಲ್ಲ. ಇನ್ನೊಂದರ ಹತ್ತಿರ ಒಳ್ಳೆಯ ಮರಳಿತ್ತು, ಊಟದ ಹೋಟೆಲಿಗೆ ಮೂರು ಕಿಲೋಮೀಟರ್. ಎರಡೂ ಹತ್ತಿರವಿದ್ದ ಕಡೆ ಒಂದು ರಾತ್ರಿಯ ಬಾಡಿಗೆ ಕೇಳಿ ಇವರು ಕುರ್ಚಿಯಿಂದ ಎದ್ದೇ ನಿಂತರು. ಆಮೇಲೆ ಹೋಟೆಲ್ ನಡೆಸುವವರ ಗತ್ತಿನಲ್ಲಿ ಫೋಟೋಗಳ ವಿಮರ್ಶೆಗೆ ತೊಡಗಿದರು.

"ಹಾಸಿಗೆ ಎಂಥದು ನೋಡ್ತಿ? ಅಡುಗೆಮನೆಯ ಫೋಟೋ ಉಂಟಾ ನೋಡು. ಈ ಇಡ್ಲಿ ನೋಡು ಮಾರಾಯ್ತಿ, ಎಸೆದ್ರೆ ತಲೆ ಒಡೀತದೆ."

"ನಾವು ಇಡ್ಲಿ ತಿನ್ಲಿಕ್ಕೆ ಅಲ್ಲಿಯವರೆಗೆ ಹೋಗುದಾ?" ಎಂದೆ.

"ಮತ್ತೆ ಎಂಥ ತಿನ್ನುದು? ಅಲ್ಲಿ ಮೀನು ಬಿಟ್ರೆ ಬೇರೆ ಉಂಟಾ?"

ಪ್ರತಿ ಭಾನುವಾರ ಅಕ್ಕ ಡೊಂಬಿವಲಿಯಿಂದ ಠಾಣೆಗೆ ಬಂದು, ಗಾಡಿ ಬದಲಿಸಿ, ನೆರೂಳದ ನಮ್ಮ ಮನೆಗೆ ಬರುತ್ತಿದ್ದರು. ಬರುವಾಗ ಹೊಸ ಪ್ರಶ್ನೆಗಳನ್ನು ತರುತ್ತಿದ್ದರು. ಬಾತ್‌ರೂಮು ರೂಮಿನ ಒಳಗೇ ಉಂಟಾ? ಮೆಟ್ಟಿಲು ಎಷ್ಟು? ಹಿಡಿದುಕೊಳ್ಳಲಿಕ್ಕೆ ಕಂಬಿ ಉಂಟಾ? ನಾನು ಸೋಮವಾರ ಫೋನ್ ಮಾಡಿ ಕೇಳಬೇಕು. ಅಷ್ಟರಲ್ಲಿ ರೂಮು ಬೇರೆಯವರ ಪಾಲಾಗಿರುತ್ತಿತ್ತು. ಹೀಗೆ ನಾಲ್ಕು ರೂಮುಗಳು ಕೈತಪ್ಪಿದವು. ರಜೆಗೆ ಹೋಗುವ ಮೊದಲೇ ನನಗೊಂದು ರಜೆ ಬೇಕು ಅನ್ನಿಸಿತ್ತು.

ಕೊನೆಗೆ ಪಕ್ಕದ ಚಿಕ್ಕ ದ್ವೀಪ ಕಣ್ಣಿಗೆ ಬಿತ್ತು. ಹಳಬರು ನೀಲ್ ಎನ್ನುವ ಶಹೀದ್ ದ್ವೀಪ. ಅಲ್ಲಿ ಹಡಗು ನಿಲ್ಲುವ ಕಟ್ಟೆ, ಸಂತೆ, ಒಂದು ಬೀಚು, ಎಲ್ಲ ಒಂದರ ಪಕ್ಕ ಒಂದು. ಆರೇಳು ಕೋಣೆಗಳ ಒಂದು ಲಾಡ್ಜ್. ನಡೆಸುವವರು ಬಂಗಾಳಿ ಹೆಂಗಸು. ಆಫೀಸಿನ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದೆ. ನೆಲಮಹಡಿಯ ಕೋಣೆ, ಒಳಗೇ ಬಾತ್‌ರೂಮು, ಎಲ್ಲ ಸರಿ.

"ಬೀಚು ಎಷ್ಟು ದೂರ?"

"ಐದು ನಿಮಿಷ, ದೀದಿ."

ನನಗೆ ಎಲ್ಲಿತ್ತೋ ಸಿಟ್ಟು. "ಯಾರ ಐದು ನಿಮಿಷ? ಎಷ್ಟು ಹೆಜ್ಜೆ, ಅದನ್ನ ಹೇಳಿ," ಎಂದೆ ಹಿಂದಿಯಲ್ಲಿ.

"ಹೆಜ್ಜೆ ಯಾರು ಎಣಿಸ್ತಾರೆ ದೀದಿ?"

"ನೀವು ಎಣಿಸಿ. ನಾನು ಲೈನಲ್ಲೇ ಇರ್ತೇನೆ."

ಆಕೆ ಫೋನ್ ಇಟ್ಟುಬಿಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಒಂದು ನಿಟ್ಟುಸಿರು ಕೇಳಿತು, ಆಮೇಲೆ ಚಪ್ಪಲಿಯ ಸದ್ದು. ಏಕ್, ದೋ, ತೀನ್ ಎಂದು ಶುರುಮಾಡಿದಳು. ನಡುವೆ ಯಾರೋ ಮಾತಾಡಿಸಿದರು. ಬಂಗಾಳಿಯಲ್ಲಿ ಉತ್ತರಿಸಿ, ಎಷ್ಟಕ್ಕೆ ನಿಲ್ಲಿಸಿದ್ದೆ ಎಂದು ನನ್ನನ್ನೇ ಕೇಳಿದಳು. ನೂರ ಹನ್ನೆರಡು ಎಂದೆ. ಒಂದು ದನವನ್ನು ಗದರಿಸಿದಳು. ನನ್ನ ಪಕ್ಕ ಲಿಫ್ಟು ಬಂದು ಹೋಯಿತು, ಸಹೋದ್ಯೋಗಿಗಳು ವಿಚಿತ್ರವಾಗಿ ನೋಡಿದರು. ಮುನ್ನೂರ ನಲವತ್ತಕ್ಕೆ ಆಕೆ ನಿಂತಳು. "ಮರಳು ಬಂತು. ಸಾಕಾ?" ಎಂದಳು. ಅವಳ ಏದುಸಿರಿನ ಹಿಂದೆ ಗಾಳಿ ಬೀಸುವುದು ಕೇಳುತ್ತಿತ್ತು. ಅಲ್ಲೇ ನಿಂತು ಎರಡು ಕೋಣೆ ಬುಕ್ ಮಾಡಿದೆ.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ನನ್ನ ಬುದ್ಧಿಗೇನಾಯಿತೋ, ಮುಂದಿನ ಭಾನುವಾರ ಅಕ್ಕನನ್ನು ತರಕಾರಿ ತರುವ ನೆಪದಲ್ಲಿ ಹೊರಗೆ ಕರೆದುಕೊಂಡು ಹೋದೆ. ನಮ್ಮ ಗೇಟಿನಿಂದ ಮಾರ್ಕೆಟಿಗೆ ಹೆಚ್ಚುಕಡಿಮೆ ಅಷ್ಟೇ ಹೆಜ್ಜೆ. ಅಕ್ಕ ಎರಡು ಕಡೆ ನಿಂತರು, ಒಂದು ಕಡೆ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕೂತರು. ನಾನು ತುಟಿಯಲ್ಲೇ ಎಣಿಸುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು.

"ಎಂಥ ಲೆಕ್ಕ ಅದು?"

ನಿಜ ಹೇಳಿದೆ.

"ನನ್ನನ್ನ ಪರೀಕ್ಷೆ ಮಾಡ್ತಿದ್ದೀಯಾ ನೀನು?" ಎಂದು ನಡುರಸ್ತೆಯಲ್ಲೇ ಕೇಳಿದರು. ಆಮೇಲೆ ತುಳುವಿಗೆ ಇಳಿದರು. ಸಿಟ್ಟು ನಿಜವಾಗಿ ಬಂದಾಗ ಅವರಿಗೆ ಕನ್ನಡ ಸಾಲುವುದಿಲ್ಲ. ಊಟಕ್ಕೂ ನಿಲ್ಲದೆ ಸ್ಟೇಷನ್ನಿಗೆ ಹೋದರು, ನಡೆದುಕೊಂಡೇ.

ಎರಡು ಭಾನುವಾರ ಬರಲಿಲ್ಲ. ಫೋನ್ ಎತ್ತಲಿಲ್ಲ. ಇವರು ನನ್ನ ಮೇಲೆ ಮುಖ ಊದಿಸಿದರು: "ನಿಂಗೆ ಯಾರು ಎಣಿಸ್ಲಿಕ್ಕೆ ಹೇಳಿದ್ದು?" ಮೂರನೇ ಶನಿವಾರ ನಾನೇ ಡೊಂಬಿವಲಿಗೆ ಹೋದೆ. ಬೆಳಿಗ್ಗೆ ಎಂಟು ಗಂಟೆ. ಕಟ್ಟಡದ ಗೇಟಿನಲ್ಲಿ ವಾಚ್‌ಮನ್, ಕಲಬುರಗಿ ಕಡೆಯವನು, ನನ್ನನ್ನು ಗುರುತಿಸಿದ.

"ಅಕ್ಕಾರು ಹಿತ್ತಲ ಕಡೆ ಅದಾರ ನೋಡ್ರಿ. ದಿನಾ ಬಿಲ್ಡಿಂಗ ಸುತ್ತ ಹಾಕ್ತಾರ್ರಿ."

ಅಕ್ಕ ಹಳೆಯ ಆಫೀಸಿನ ಸೀರೆಯನ್ನು ಸ್ವಲ್ಪ ಎತ್ತಿ ಸಿಕ್ಕಿಸಿ, ಬಿಳಿ ಬೂಟು ಹಾಕಿಕೊಂಡು, ನಿಂತ ಸ್ಕೂಟರುಗಳ ನಡುವೆ ನಡೆಯುತ್ತಿದ್ದರು. ನನ್ನನ್ನು ನೋಡಿದರೂ ನಿಲ್ಲಲಿಲ್ಲ. ಒಂದು ಸುತ್ತು ಮುಗಿಸಿ ಬಂದರು.

"ಐದು ಸುತ್ತು ಆಗ್ತದೆ ಈಗ, ಕೂರದೆ," ಎಂದರು.

"ಫೋನ್ ಯಾಕೆ ಎತ್ತಲಿಲ್ಲ ಅಕ್ಕ? ನಾವು ಹೆದರಿ ಹೋಗಿದ್ದೆವು."

"ಎತ್ತಿದ್ರೆ ನೀನು ಕೇಳ್ತಿದ್ದೆ, ಎಂಥ ಮಾಡ್ತಿದ್ದೀರಿ ಅಂತ. ಹೇಳ್ಲಿಕ್ಕೆ ನಾಚಿಕೆ."

ಬೈಯಬೇಕೆಂದು ಬಂದಿದ್ದೆ. ಅವರ ಜೊತೆ ಆರನೇ ಸುತ್ತು ನಡೆದೆ.

ಪರೀಕ್ಷೆಯಿದ್ದ ಮಗಳನ್ನು ಬಿಟ್ಟು ನಾವು ಮೂವರು ಹೊರಟೆವು. ವಿಮಾನ, ಹಡಗು, ಬಿಸಿಲು ಎಲ್ಲ ದಾಟಿ ಮಧ್ಯಾಹ್ನಕ್ಕೆ ಲಾಡ್ಜ್ ತಲುಪಿದರೆ, ಆ ಹೆಂಗಸು ಬಾಗಿಲಲ್ಲೇ ನನ್ನ ದನಿ ಕೇಳಿ ಗುರುತು ಹಿಡಿದು ಜೋರಾಗಿ ನಕ್ಕಳು. ಅಕ್ಕ ಚೀಲ ಇಟ್ಟವರೇ ಸಮುದ್ರಕ್ಕೆ ಹೊರಟರು. ಎಲ್ಲೂ ಕೂರಲಿಲ್ಲ. ಮರಳು ಬಂತು. ನೀರು ಮಾತ್ರ ಇರಲಿಲ್ಲ. ಇಳಿತದ ಹೊತ್ತು. ಕಣ್ಣು ಹಾಯುವಷ್ಟು ದೂರ ಕಪ್ಪು ಹವಳದ ಕಲ್ಲುಗಳು, ಅದರಾಚೆ ಎಲ್ಲೋ ಒಂದು ನೀಲಿ ಗೆರೆ. ವಾಪಸು ಬಂದು ಆ ಹೆಂಗಸಿನ ಮೇಲೆ ಹರಿಹಾಯ್ದೆ.

"ದೀದಿ," ಎಂದಳು ಆಕೆ ಶಾಂತವಾಗಿ, "ನೀವು ಬೀಚಿಗೆ ಎಷ್ಟು ದೂರ ಅಂತ ಕೇಳಿದಿರಿ. ನೀರಿಗೆ ಎಷ್ಟು ದೂರ ಅಂತ ಕೇಳಲಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಹೋಗಿ."

ಇವರಿಗೆ ದೂರು ಹೇಳೋಣವೆಂದು ಹುಡುಕಿದರೆ, ಇವರು ಲಾಡ್ಜಿನ ಅಡುಗೆಮನೆಯಲ್ಲಿ ನಿಂತು ಅಡುಗೆಯವನಿಗೆ ಇಡ್ಲಿ ಹಿಟ್ಟು ಹುದುಗು ಬರಿಸುವುದನ್ನು ಕೈ ಬೀಸಿ ವಿವರಿಸುತ್ತಿದ್ದರು. ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೇ. ಸಂಜೆಯಾಗುವ ಹೊತ್ತಿಗೆ ಅಕ್ಕ ನನ್ನ ಕೋಣೆಯ ಬಾಗಿಲು ಬಡಿದರು.

"ಇಲ್ಲಿ ಆಟೊ ಸಿಗುದಿಲ್ವಾ? ದ್ವೀಪದ ಆ ಬದಿಯಲ್ಲಿ ಸೂರ್ಯಾಸ್ತ ಚೆಂದ ಕಾಣ್ತದಂತೆ."

ನಾನು ಅವರ ಮುಖವನ್ನೇ ನೋಡಿದೆ. ತಿಂಗಳುಗಟ್ಟಲೆ ಮ್ಯಾಪು ನೋಡಿದ ನನ್ನ ಕಣ್ಣು ಉರಿಯುತ್ತಿತ್ತು. "ಗಾಡಿ ಹತ್ತುದಿಲ್ಲ ಅಂದಿರಿ!"

"ಅದು ಜನ ತುಂಬಿದ ಗಾಡಿ. ಇದ್ರಲ್ಲಿ ನಾವು ಮೂರೇ ಜನ," ಎಂದರು, ಇಷ್ಟೂ ತಿಳಿಯದವಳಾ ನೀನು ಎನ್ನುವ ಹಾಗೆ.

ಆಟೊದಲ್ಲಿ ಹೋದೆವು. ಮೋಡ ಮುಚ್ಚಿತ್ತು, ಸೂರ್ಯ ಕಾಣಲಿಲ್ಲ.

ಮರುದಿನ ಆರಕ್ಕೆ ನೀರು ಮರಳಿನವರೆಗೂ ಬಂದಿತ್ತು. ತಿಳಿ ಹಸಿರು ನೀರು, ಅಲೆಯೇ ಇಲ್ಲ. ಅಕ್ಕ ಚೂಡಿದಾರದಲ್ಲೇ ಸೊಂಟದವರೆಗಿನ ನೀರಿಗೆ ಹೋಗಿ, ಕೈ ಅಗಲಿಸಿ, ಮೆಲ್ಲಗೆ ಮಂಡಿ ಬಗ್ಗಿಸಿದರು. ನೆಲದ ಮೇಲೆ ಅವರಿಂದ ಆಗದ ಕೆಲಸ ಅದು. ಮುಖದಲ್ಲಿ ಒಂದು ಕ್ಷಣ ಗಾಬರಿ ಕಂಡಿತು, ಆಮೇಲೆ ಮುಖ ಸಡಿಲವಾಯಿತು. "ನೋವೇ ಇಲ್ಲ ಮಾರಾಯ್ತಿ," ಎಂದರು. ಮತ್ತೆ ಮತ್ತೆ ಬಗ್ಗಿಸಿ ನೋಡಿದರು. ಇವರು ಪಕ್ಕದಲ್ಲಿ ಪ್ಯಾಂಟು ಮಡಚಿ ನಿಂತವರು, ಅಕ್ಕ ಕೈ ಹಿಡಿದು ಎಳೆದ ಮೇಲೆ ಬಟ್ಟೆ ಸಮೇತ ಒಳಗೆ ಬಿದ್ದರು. ಅರವತ್ತರ ಆಸುಪಾಸಿನ ಅಕ್ಕ ತಮ್ಮ ಇಬ್ಬರೂ ನೀರೆರಚಿಕೊಂಡು ನಗುತ್ತಿದ್ದರು.

ಎಂಟಾಯಿತು, ಎಂಟೂವರೆಯಾಯಿತು. "ಎದ್ದು ಬನ್ನಿ, ತಿಂಡಿ ಆರ್ತದೆ," ಎಂದು ನಾಲ್ಕು ಸಲ ಕೂಗಿದೆ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನನಗೇ ಹಸಿವು ತಡೆಯಲಾಗದೆ ಒಬ್ಬಳೇ ಲಾಡ್ಜಿಗೆ ನಡೆದೆ.

"ಅವರು ಬರಲಿ, ಒಟ್ಟಿಗೆ ಬಡಿಸಿ," ಎಂದೆ ಅಭ್ಯಾಸದಿಂದ.

"ಯಾಕೆ ಕಾಯ್ತೀರಿ? ನೀವು ತಿನ್ನಿ ದೀದಿ," ಎಂದು ಲಾಡ್ಜಿನ ಹೆಂಗಸು ತಟ್ಟೆ ತಂದಿಟ್ಟಳು. ಬಿಸಿ ಪೂರಿ, ಆಲೂಗಡ್ಡೆ ಪಲ್ಯ. ಮದುವೆಯಾದ ಮೇಲೆ ಅವರಿಬ್ಬರಿಗಿಂತ ಮೊದಲು ನಾನು ತಿಂಡಿಗೆ ಕೂತದ್ದು ಅದೇ ಮೊದಲು. ಐದು ಪೂರಿ ತಿಂದೆ. ಆರನೆಯದನ್ನೂ ಕೇಳಿದೆ.