ಬಾಯಿಗೆ ಮೊಳೆ, ಕೈಗೆ ಗನ್ನು

ನಮ್ಮ ಮನೆಯಲ್ಲಿ ಜಗಳ ಕಡಿಮೆ. ಅದು ನನ್ನ ಒಳ್ಳೆಯತನದಿಂದಲ್ಲ. ನಮ್ಮ ಯಜಮಾನ ಬಡಗಿ. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ತೆಗೆದು ಹೊಡೆಯುವ ಅಭ್ಯಾಸ. ಬಾಯಿ ತುಂಬ ಮೊಳೆ ಇದ್ದವನು ಸಾರಿಗೆ ಉಪ್ಪು ಕಮ್ಮಿ ಎನ್ನುವುದು ಹೇಗೆ? ನಾನು ಹೇಳಿದ್ದಕ್ಕೆಲ್ಲ "ಹ್ಞೂಂ" ಎಂದೇ ಸಂಸಾರ ಸಾಗಿಸಿದ. ನಾನು ಓದಿದ್ದು ಅಷ್ಟಕ್ಕಷ್ಟೆ. ಆದರೂ ದೊಡ್ಡವರೆಲ್ಲ ದಾಂಪತ್ಯದ ಬಗ್ಗೆ ಬರೆಯುವಾಗ ಮೊಳೆಯ ವಿಷಯ ಯಾಕೆ ಬಿಡುತ್ತಾರೋ ತಿಳಿಯದು.

ಈಚೆಗೆ ಮೊಳೆ ಹಿಡಿದ ಕೈ ನಡುಗತೊಡಗಿತು. ಸುತ್ತಿಗೆ ಮೊಳೆ ಬಿಟ್ಟು ಹೆಬ್ಬೆರಳನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಬಾಗಿಲ ಚೌಕಟ್ಟು, ಸೂರಿನ ತೊಲೆ, ಹುಣಸೆಹಣ್ಣಿನ ಪೆಟ್ಟಿಗೆ, ಏನು ಬಂದರೂ ಒಲ್ಲೆ ಎನ್ನದ ಆಸಾಮಿ ಕೆಲಸ ಬಿಟ್ಟು ಜಗಲಿಯಲ್ಲಿ ಕೂತ. ಕೂತ ಗಂಡಸಿನಷ್ಟು ಅಡ್ಡವಾಗುವ ಸಾಮಾನು ಮನೆಯಲ್ಲಿ ಇನ್ನೊಂದಿಲ್ಲ. ಪಾಲಿಶ್ ಹೊಡೆಯುವ ಕಂಪ್ರೆಸರ್ ಹೇಗೂ ಇತ್ತು. ಅದರ ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಗನ್ನೊಂದು ಕೊಡಿಸೋಣವೆಂದು, ಕಲ್ಯಾಣದುರ್ಗದಿಂದ ಅವನನ್ನು ಕರೆದುಕೊಂಡು ಹಿಂದೂಪುರದ ಬಸ್ಸು ಹತ್ತಿದೆ.

ಅಂಗಡಿಯವನು ಮೊದಲು ಪುಟಾಣಿ ಗನ್ನೊಂದು ತೆಗೆದ.

"ಚೂಡಮ್ಮಾ, ನೋಡು, ಹೂವಿದ್ದಂಗೆ ಹಗುರೈತೆ."

"ಹೂವ ಮುಡ್ಕೊಳಾಕೆ ಬಂದಿಲ್ಲ ಕಣಪ್ಪ. ಇದು ಸೋಫಾಕ್ಕೆ. ತೊಲೆಗೆ ಇಳಿಯೋ ಉದ್ದನೆ ಮೊಳೆ ಹೊಡೆಯೋದು ತೆಗಿ."

ದೊಡ್ಡವನ್ನು ಸಾಲಾಗಿ ಇಟ್ಟ. ಮೊಳೆ ತುಂಬಿಸು ಎಂದೆ. ಖಾಲಿ ಬಿಂದಿಗೆ ಎತ್ತಿ ನೋಡಿ ಕೊಳ್ಳುವವಳಲ್ಲ ನಾನು. ಒಂದೊಂದನ್ನೂ ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ಗಾಳಿಯ ಪೈಪು ಹಾಕಿರಲಿಲ್ಲ, ಆದರೂ ಗಿರಾಕಿಗಳೆಲ್ಲ ಬಾಗಿಲಿಗೆ ಸರಿದರು. ಒಂದು ಹೆಗಲು ಕಳಚಿಸಿತು. ಇನ್ನೊಂದರ ಮೂತಿ ಮುಂದಕ್ಕೆ ವಾಲಿತು. ಮತ್ತೊಂದು ಹದವಾಗಿತ್ತು, ಆದರೆ ಟ್ರಿಗರ್ ಅದುಮಿ ಹಿಡಿದರೆ ಮೂತಿ ತಾಗಿದ ಕಡೆಯೆಲ್ಲ ಹೊಡೆಯುವಂಥದ್ದು.

"ಕೆಲ್ಸ ಬಿರ್ರನೆ ಆಯ್ತದಮ್ಮಾ."

"ಎಲ್ಲಿಗೆ, ಮರಕ್ಕೋ ಮಂಡಿಗೋ? ಈಯಪ್ಪನ ಕೈ ನಡುಗ್ತದೆ. ಒಂದ್ಸಲ ಒತ್ತಿ ಅದುಮಿದ್ರೆ ಒಂದೇ ಮೊಳೆ ಬೀಳ್ಬೇಕು."

ಅಂಥದ್ದೂ ಸಿಕ್ಕಿತು. ಅದಕ್ಕೆ ತುಂಬುವ ಮೊಳೆಪಟ್ಟಿ ನಮ್ಮೂರ ಅಂಗಡಿಯಲ್ಲೇ ಸಿಗುತ್ತದೆಂದು ಫೋನು ಮಾಡಿಸಿ ಕೇಳಿಕೊಂಡ ಮೇಲೆಯೇ ಒಪ್ಪಿದೆ. ಯಜಮಾನನ ಬಾಯಲ್ಲಿ ಆವತ್ತು ಒಂದು ಮೊಳೆಯೂ ಇರಲಿಲ್ಲ. ಆದರೂ ಅಭ್ಯಾಸಬಲದಿಂದ "ಹ್ಞೂಂ" ಅಂದ.

ಅರಿಶಿನ ಕುಂಕುಮ ಇಟ್ಟು ಕೆಲಸ ಶುರುವಾಯಿತು. ಹೆಬ್ಬೆರಳು ಉಳಿಯಿತು, ಜಗಲಿ ಖಾಲಿಯಾಯಿತು. ಆದರೆ ಬಾಯಿಯೂ ಖಾಲಿಯಾಯಿತಲ್ಲ!

"ಲೇ, ಇದೇನ್ ಸಾರೇ? ಉಪ್ಪು ಮರ್ತ್‌ಬುಟ್ಯಾ? ನಿಮ್ಮಣ್ಣನ ಮದ್ವೇಲೂ ಹಿಂಗೇ ಸಪ್ಪೆ ಕಣೇ!"

ಅಣ್ಣನಿಗೆ ಮೊಮ್ಮಕ್ಕಳಾಗಿವೆ. ಆ ಮಾತನ್ನು ಇಷ್ಟು ಕಾಲ ಮೊಳೆಗಳ ಹಿಂದೆ ಇಟ್ಟುಕೊಂಡಿದ್ದನಲ್ಲ, ಅದರ ಹಿಂದೆ ಇನ್ನೂ ಎಷ್ಟಿದ್ದವೋ! ದಿನವೂ ಹೊರಬಿದ್ದವು. ತೂಕ ನೋಡಿದ್ದೆ, ಮೂತಿ ನೋಡಿದ್ದೆ, ಟ್ರಿಗರ್ ನೋಡಿದ್ದೆ. ಇದೊಂದನ್ನು ನೋಡಿರಲಿಲ್ಲ.

ಈಗ ಬೆಳಿಗ್ಗೆ ಕಂಪ್ರೆಸರ್ ಹಾಕುವ ಮುಂಚೆ ಹಳೆಯ ಡಬ್ಬಿಯಿಂದ ಒಂದಿಷ್ಟು ಮೊಳೆ ತೊಳೆದು ಕೊಡುತ್ತೇನೆ.

"ಇವ್ಯಾಕೇ?" ಅಂದ ಮೊದಲ ದಿನ.

"ಗನ್ನಾಗೆ ಮುಗಿದ್ರೆ ಬೇಕಾಯ್ತವೆ. ಬಾಯಾಗಿಟ್ಕೊ."

ಇಟ್ಟುಕೊಂಡ.

"ಸಾರು ಹೆಂಗೈತೆ?"

"ಹ್ಞೂಂ."